ಮೋಡದ ಮೇಲೆ ಕೇಳಿದ ಮಾಮಾನ ಕೂಗು

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಹಾಗೆ ಎಷ್ಟೋ ಜನರ ಮಾತಿಗೆ ನಕ್ಕಿದ್ದೇನೆ ಕೂಡ. ನನಗೇ ಆದದ್ದರಿಂದ ಈಗ ನಗಲಾರೆ.

ಆಗ ನನಗೆ ತಿರುಪತಿಯ ಕಾಲೇಜಿನಲ್ಲಿ ಮಾಸ್ತರಿಕೆ. ಅಲ್ಲಿಂದ ಕೊಲ್ಹಾಪುರಕ್ಕೆ ಹೊಸದಾಗಿ ಒಂದು ಸಣ್ಣ ವಿಮಾನ ಬಿಟ್ಟಿದ್ದರು. ಎರಡೂ ಕಡೆಯ ನಿಲ್ದಾಣಗಳು ಸಣ್ಣವೇ. ರೈಲಿಗೆ ಒಂದು ಹಗಲು, ಒಂದು ರಾತ್ರಿ ಹಿಡಿಯುವ ಹಾದಿ ಇದಕ್ಕೆ ಒಂದೂವರೆ ತಾಸು. ಗಡಹಿಂಗ್ಲಜದ ಹತ್ತಿರದ ನಮ್ಮ ಹಳ್ಳಿಯಲ್ಲಿದ್ದ ಸಿದ್ದಪ್ಪಮಾಮಾನಿಗೆ ಇದನ್ನು ಫೋನಿನಲ್ಲಿ ಹೇಳಿದರೆ ಅವನು ನಂಬಲಿಲ್ಲ. ಕುರಿ ಕಾಯುವವನು, ದೂರವನ್ನೆಲ್ಲ ಹಿಂಡಿನ ನಡಿಗೆಯಲ್ಲೇ ಅಳೆಯುವವನು. "ಒಂದೂವರಿ ತಾಸಿನ್ಯಾಗ ನಮ್ಮ ಕುರಿ ಹಳ್ಳಾನೂ ದಾಟಂಗಿಲ್ಲೋ," ಅಂದ.

ಅವ್ವ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದ್ದು ಮಾಮಾ, ಮಾಮಿ. ಗುಡ್ಡದಲ್ಲಿ ಚದುರಿದ ಕುರಿಗಳನ್ನು ಅವನು ಕರೆಯುತ್ತಿದ್ದ ಬಗೆ ಬೇರೆ ಯಾರಿಗೂ ಬರುತ್ತಿರಲಿಲ್ಲ. "ಹುರ್ರ್... ಬಾ ಬಾ ಬಾ, ಹೋಯ್!" ಕೊನೆಗೊಂದು ಸಿಳ್ಳು, ಮುಂದಿನ ಹಲ್ಲು ಬಿದ್ದದ್ದರಿಂದ ಅದು ಒಡಕಾಗಿ ಬರುತ್ತಿತ್ತು. ಹಿಂಡಿನ ಜೊತೆ ನಾನೂ ಓಡಿ ಬರುತ್ತಿದ್ದೆ. ಕಂಬಳಿಯೊಳಗೆ ಎಳೆದುಕೊಂಡು ರೊಟ್ಟಿ ಮುರಿದು ಕೊಡುತ್ತಿದ್ದ.

ಒಂದು ಶ್ರಾವಣದಲ್ಲಿ ಕೊಲ್ಹಾಪುರದ ದವಾಖಾನೆಯಲ್ಲಿ ಮಾಮಿಗೆ ಹೃದಯದ ಆಪರೇಶನ್ ನಿಕ್ಕಿಯಾಯಿತು. "ಅವನ ಮಾರಿ ನೋಡೇ ಒಳಗ ಹೋಗಾಕಿ ನಾ," ಎಂದು ನನಗಾಗಿ ಹಟ ಹಿಡಿದಿದ್ದಳು. ಆಪರೇಶನ್ ದಿನ ಬೆಳಗಿನ ವಿಮಾನ ಹತ್ತಿದೆ. ಕೊಲ್ಹಾಪುರದ ಮೇಲೆ ಬಂದು ನೋಡಿದರೆ ಕೆಳಗೆ ಬರೀ ಮೋಡ. ವಿಮಾನ ಸುತ್ತು ಹಾಕತೊಡಗಿತು. ಇನ್ನೊಂದು ಸಲ ನೋಡುತ್ತೇವೆ, ಆಗದಿದ್ದರೆ ಹೈದರಾಬಾದಿಗೆ ಹೋಗುತ್ತೇವೆ ಎಂದು ಪೈಲಟ್ ಹೇಳಿದ.

ಆಗ ಕೇಳಿತು. ಪಂಖಗಳ ಸದ್ದನ್ನೂ ಮೀರಿ, ಕಿವಿಯ ಹತ್ತಿರವೇ ನಿಂತು ಕೂಗಿದಂತೆ: ಹುರ್ರ್... ಬಾ ಬಾ ಬಾ, ಹೋಯ್! ಹಿಂದೆಯೇ ಆ ಒಡಕು ಸಿಳ್ಳು.

ಭ್ರಮೆ ಎಂದುಕೊಳ್ಳುತ್ತಿದ್ದೆನೇನೋ. ಆದರೆ ಪಕ್ಕದಲ್ಲಿ ಕಣ್ಣು ಮುಚ್ಚಿ ಜಪ ಮಾಡುತ್ತಿದ್ದ ಇಚಲಕರಂಜಿಯ ಹೆಂಗಸು ಥಟ್ಟನೆ ನನ್ನ ಕಡೆ ತಿರುಗಿದರು. "ಯಾರರೆ ಕುರಿ ಕರದಂಗಾತಲ್ರೀ?"

ವಿಮಾನ ಒಂದು ಮಗ್ಗುಲಿಗೆ ಬಾಗಿತು. ಮೋಡ ಹರಿದು ಕಬ್ಬಿನ ಹೊಲ, ಶಿರೋಳಿಯ ಕಾರಖಾನೆಗಳ ತಗಡು ಕಂಡವು. ಇಳಿದೆವು.

ಹೊರಗೆ ತೊಯ್ದ ಕಂಬಳಿಯಲ್ಲಿ ಮಾಮಾ ನಿಂತಿದ್ದ. ಅವನನ್ನು ಕರೆತಂದಿದ್ದ ಗಾಡಿಯವನು ಮರಾಠಿಯಲ್ಲಿ ನಗುತ್ತ, "ತುಮಚೇ ಮಾಮಾ ವಿಮಾನಾಲಾ ಹಾಕ ಮಾರತ ಹೋತೇ!" ಅಂದ. ಮಾಮಾ ಬೇಲಿಯ ಹತ್ತಿರ ನಿಂತು ವಿಮಾನವನ್ನೇ ಕೂಗಿ ಕರೆದನಂತೆ, ಜನ ನಕ್ಕರಂತೆ. ಮಾಮಾ ನಾಚಿಕೊಂಡ. "ಮ್ಯಾಲ ಸುತ್ತಾಕತ್ತಿತ್ತು, ಇಳೀವಲ್ದು. ದಾರಿ ತಪ್ಪೇತಿ ಅಂತ ಕರದ್ನಿ."

ಮಾಮಿಯನ್ನು ಒಳಗೆ ಒಯ್ಯುವ ಮೊದಲು ಅವಳ ಕೈ ಹಿಡಿದೆ. ಅವಳು ಇವತ್ತಿಗೂ ಗಟ್ಟಿಯಾಗಿದ್ದಾಳೆ; ಹೋದವನು ಮಾಮಾನೇ. ಅವನಿದ್ದಾಗ ಒಮ್ಮೆ, ಅಷ್ಟೆತ್ತರ ನಿನ್ನ ಧ್ವನಿ ಹ್ಯಾಂಗ ಬಂತೋ ಮಾಮಾ, ಎಂದು ಕೇಳಿದ್ದೆ. ಎಲೆಗೆ ಸುಣ್ಣ ಹಚ್ಚುತ್ತ, "ನಿನಗ ಕೇಳಿಸ್ತೋ ಇಲ್ಲೋ? ಮತ್ತ ಯಾಕ ಕೇಳ್ತಿ?" ಅಂದ.

ವಿಜ್ಞಾನ ಕಲಿಸುವ ಗೆಳೆಯನಿಗೂ ಹೇಳಿದೆ. ಮುಚ್ಚಿದ ವಿಮಾನದೊಳಗೆ ನೆಲದ ಕೂಗು ಕೇಳಿಸುವುದು ಸಾಧ್ಯವೇ ಇಲ್ಲ ಅಂದ. ಅವನು ಹೇಳಿದ್ದು ಖರೆ. ನಾನು ಕೇಳಿದ್ದೂ ಖರೆ. ಎರಡನ್ನೂ ಕೂಡಿಸಲು ನನಗೆ ಇನ್ನೂ ಬಂದಿಲ್ಲ.