ಓಟಿಲ್ಲದವರ ಅಮೆರಿಕ

ವಲೇರಿಯನ್ ಅವರ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಕಿರುಬೆರಳಿನಷ್ಟು ಎತ್ತರದ ಮರಿಯ ಮಾತೆಯ ಮೂರ್ತಿಯೊಂದಿತ್ತು. ಅದರ ಪಕ್ಕದಲ್ಲಿ ಏಲಕ್ಕಿಯ ಡಬ್ಬಿ, ಡಬ್ಬಿಗೆ ಒರಗಿಕೊಂಡು ಅವರ ಫೋನು, ಫೋನಿನೊಳಗೆ ಅಮೆರಿಕ. ಬೆಳಗಿನ ಹೊತ್ತು ಸೀಟಿನ ಬೆಲ್ಟು ಬಿಗಿದುಕೊಂಡು ಇನ್ನೇನು ಕಣ್ಣು ಮುಚ್ಚಬೇಕು ಎನ್ನುವಾಗ ಆ ಫೋನಿನಿಂದ ಅಮೆರಿಕದ ರೇಡಿಯೊದ ಒಬ್ಬ ಮಹಾನುಭಾವ ಗರ್ಜಿಸಲು ತೊಡಗುತ್ತಿದ್ದ. ತನ್ನ ದೇಶ ಮುಳುಗಿಯೇಹೋಯಿತು ಎಂಬ ಸುದ್ದಿಯನ್ನು ಇಷ್ಟೊಂದು ಉತ್ಸಾಹದಿಂದ ದಿನವೂ ಸಾರಬಲ್ಲ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಿಂದ ಅಬುಧಾಬಿ ನಗರದವರೆಗೆ, ಮಕ್ತಾ ಸೇತುವೆಯ ಮೇಲೆ ವಾಹನಗಳು ಇರುವೆಗಳಂತೆ ತೆವಳುವ ಆ ಹೊತ್ತಿನುದ್ದಕ್ಕೂ, ಅಮೆರಿಕ ನನ್ನ ಎಡಗಿವಿಯ ಬಳಿ ಮುಳುಗುತ್ತಲೇ ಇರುತ್ತಿತ್ತು.

ನಾನು ಗದಗಿನವಳು, ನಗರದ ಒಂದು ಇಂಡಿಯನ್ ಶಾಲೆಯಲ್ಲಿ ಗಣಿತದ ಟೀಚರು. ನನ್ನ ಗಂಡ ಬಸವರಾಜ ಪಶ್ಚಿಮದ ಮರುಭೂಮಿಯಲ್ಲಿ, ಮದೀನತ್ ಜಾಯೆದ್ ಕಡೆಯ ಗ್ಯಾಸ್ ಪ್ರಾಜೆಕ್ಟೊಂದರಲ್ಲಿ ಮೆಕ್ಯಾನಿಕಲ್ ಎಂಜಿನಿಯರಾಗಿದ್ದ. ಶುಕ್ರವಾರವೇ ವಾರದ ರಜೆಯಾದ ಈ ನಾಡಿನಲ್ಲಿ, ಗುರುವಾರ ಸಂಜೆ ಬಂದು ಶನಿವಾರ ಹೊರಡುವ ವಾರಾಂತ್ಯದ ಗಂಡ. ಡ್ರೈವಿಂಗ್ ಟೆಸ್ಟಿನ ಪರೀಕ್ಷಕ ಮಹಾಶಯರು ನನ್ನನ್ನು ಮತ್ತೆ ಮತ್ತೆ ಫೇಲು ಮಾಡಿ ಕಳಿಸುತ್ತಿದ್ದುದರಿಂದ, ನಾನು ಮತ್ತು ಮೂರನೇ ಕ್ಲಾಸಿನ ಮಗಳು ಸ್ಫೂರ್ತಿ ನಮ್ಮ ವಿಲ್ಲಾದ ಕೆಳಗಿನ ಭಾಗದಲ್ಲಿದ್ದ ವಲೇರಿಯನ್ ಅವರ ಕಾರನ್ನೇ ನಂಬಿದ್ದೆವು. ಅವರು ಉಡುಪಿಯ ಹತ್ತಿರ ಶಿರ್ವದ ಕಡೆಯವರು, ಮನೆಮಾತು ಕೊಂಕಣಿ, ಒಂದು ಕಾಂಟ್ರಾಕ್ಟಿಂಗ್ ಕಂಪನಿಯಲ್ಲಿ ಅಕೌಂಟೆಂಟು. ಹೆಂಡತಿ ಐರಿನಕ್ಕ ನರ್ಸು. ಇಬ್ಬರದೂ ಬಂಗಾರದಂಥ ಮನಸ್ಸು. ಆದರೆ ಬಂಗಾರದ ಮನಸ್ಸಿನ ಪಕ್ಕದಲ್ಲಿ ವರ್ಷಗಟ್ಟಲೆ ಕೂತು ಅಮೆರಿಕದ ವಿತ್ತೀಯ ಕೊರತೆಯ ಬಗ್ಗೆ ಕೇಳಿ ನೋಡಿ, ಆಮೇಲೆ ಹೇಳಿ.

ವಲೇರಿಯನ್ ಅವರ ರಾಜಕೀಯ ತತ್ತ್ವ ಬಹಳ ಸರಳ. ಸರ್ಕಾರ ಚಿಕ್ಕದಿರಬೇಕು, ಕುಟುಂಬ ದೊಡ್ಡದಿರಬೇಕು. ತೆರಿಗೆ ಎಂದರೆ ಹಗಲುದರೋಡೆ. ಬಿಟ್ಟಿ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ. ಗಡಿಯನ್ನು ಭದ್ರಪಡಿಸದ ದೇಶ ದೇಶವೇ ಅಲ್ಲ. ಇರಾನಿನ ಜೊತೆ ಒಪ್ಪಂದಕ್ಕೆ ಕೂತವರಿಗೆ ತಲೆ ಸರಿಯಿಲ್ಲ. ಈ ಉಪದೇಶವನ್ನು ಯಾರು ಕೊಡುತ್ತಿದ್ದರೆಂದು ಯೋಚಿಸಿ: ಬಾಳಿನ ಬಹುಭಾಗವನ್ನು ಆದಾಯ ತೆರಿಗೆಯೇ ಇಲ್ಲದ ನಾಡಿನಲ್ಲಿ ಕಳೆದವರು, ಪಾಸ್‌ಪೋರ್ಟಿನಲ್ಲಿ ಪರದೇಶದ ವೀಸಾ ಅಂಟಿಸಿಕೊಂಡು ಗಡಿ ದಾಟಿ ಬಂದವರು! ನಾನು ಒಮ್ಮೆ ಅದನ್ನು ಮೆಲ್ಲಗೆ ಹೇಳಿಯೂ ಇದ್ದೆ.

"ಅದು ಬೇರೆ ಟೀಚರ್," ಎಂದರು ಅವರು, ಒಂದಿಷ್ಟೂ ವಿಚಲಿತರಾಗದೆ. "ನಾನು ಬಾಗಿಲು ತಟ್ಟಿ ಬಂದವ. ಕಾಂಪೌಂಡ್ ಹಾರಿ ಬಂದದ್ದಲ್ಲ."

ಇಂಥದ್ದಕ್ಕೆ ಉತ್ತರ ಹೊಳೆಯುವಷ್ಟರಲ್ಲಿ ಶಾಲೆಯ ಗೇಟು ಬಂದಿರುತ್ತಿತ್ತು. ನನ್ನ ಒಳ್ಳೆಯ ಉತ್ತರಗಳೆಲ್ಲ ಸ್ಟಾಫ್‌ರೂಮಿನಲ್ಲಿ, ಕೇಳುವವರಿಲ್ಲದೆ ಹಾಳಾಗುತ್ತಿದ್ದವು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಒಂದು ಸಂಜೆ ಸ್ಫೂರ್ತಿಗೆ, ಆ ಚಾಕೊಲೇಟಿನಲ್ಲಿ ಗೆಳತಿಗೂ ಒಂದು ಚೂರು ಕೊಡು ಎಂದರೆ, ಅವಳು ಡಬ್ಬಿಯನ್ನು ಎದೆಗವಚಿಕೊಂಡು, "ದಟ್ಸ್ ಸೋಶಿಯಲಿಸಂ, ಅಮ್ಮ!" ಎಂದಳು. ನಾನು ತಲೆಯ ಮೇಲೆ ಕೈಹೊತ್ತು ಕೂತೆ.

ನನಗೆ ಸಿಟ್ಟು ಬರುತ್ತಿದ್ದುದು ಅವರ ಅಭಿಪ್ರಾಯಗಳಿಗಿಂತ ಹೆಚ್ಚಾಗಿ ಆ ಉಸಾಬರಿಗೆ. ನೀವೇ ಹೇಳಿ, ಅಮೆರಿಕದಲ್ಲಿ ನಮಗೆ ಓಟಿಲ್ಲ. ಆ ದೇಶದ ನೆಲವನ್ನು ನಾವಿಬ್ಬರೂ ಮೆಟ್ಟಿದವರಲ್ಲ. ದುಡಿದು ಉಣ್ಣುತ್ತಿದ್ದ ಈ ನೆಲದಲ್ಲಿ ನಾವು ಅತಿಥಿಗಳು, ಮನೆಯವರ ವ್ಯವಹಾರದಲ್ಲಿ ಅತಿಥಿ ಬಾಯಿ ಹಾಕುವಂತಿಲ್ಲ. ಇನ್ನು ಊರಿನಲ್ಲಿ ಓಟಿದೆ ಎನ್ನಿ. ಆದರೆ ಚುನಾವಣೆಯ ದಿನ ನಾವಿಲ್ಲಿ ಅಟೆಂಡೆನ್ಸ್ ಹಾಕುತ್ತಿರುತ್ತೇವೆ, ಮೇಲಾಗಿ ಊರಿನ ರಾಜಕೀಯ ಮಾತಾಡಿದರೆ ಶುಕ್ರವಾರದ ಊಟಕ್ಕೆ ಸೇರುವ ನಾಲ್ಕು ಮನೆಗಳಲ್ಲಿ ಎರಡು ಮುರಿಯುತ್ತವೆ. ಹೀಗೆ ಎಲ್ಲೆಡೆಯೂ ನಾಲಿಗೆ ಕಟ್ಟಿಕೊಂಡ ಮನುಷ್ಯನಿಗೆ ಬಾಯಿತುಂಬ ಜಗಳವಾಡಲು ಉಳಿದ ಬಯಲು ಅಮೆರಿಕವೊಂದೇ ಇರಬೇಕು. ಇದೆಲ್ಲ ನನಗೆ ಆಗ ಹೊಳೆದಿರಲಿಲ್ಲ. ಆಗ ನನಗೆ ಬೇಕಾಗಿದ್ದುದು ಒಂದಿಷ್ಟು ನಿದ್ದೆ.

ಆ ವರ್ಷ, 2014ರಲ್ಲಿ, ಕಚ್ಚಾ ಎಣ್ಣೆಯ ಬೆಲೆ ಇಳಿಯತೊಡಗಿತು. ಬಂಡೆಯ ಪದರುಗಳನ್ನು ಸೀಳಿ ಎಣ್ಣೆ ತೆಗೆಯುವ ಹೊಸ ವಿದ್ಯೆಯಿಂದ ಅಮೆರಿಕನ್ನರು ತಮ್ಮ ನೆಲದಲ್ಲೇ ಎಣ್ಣೆಯ ಹೊಳೆ ಹರಿಸುತ್ತಿದ್ದಾರೆಂದು ರೇಡಿಯೊದ ಮಹಾನುಭಾವ ದಿನವೂ ಡಂಗುರ ಸಾರುತ್ತಿದ್ದ. ಒಂದು ಬೆಳಿಗ್ಗೆ ಸೇತುವೆಯ ಮೇಲೆ ಕಾರು ನಿಂತಿದ್ದಾಗ, ಬೆಲೆ ಮತ್ತೂ ಕುಸಿಯಿತು ಎಂಬ ಸುದ್ದಿ ಬಂತು. ವಲೇರಿಯನ್ ಸ್ಟೀರಿಂಗ್ ಚಕ್ರಕ್ಕೆ ಅಂಗೈಯಿಂದ ಬಡಿದು, "ಭೇಷ್! ನೋಡಿದ್ರಾ ಟೀಚರ್, ಇನ್ನು ಅಮೆರಿಕಕ್ಕೆ ಯಾರ ಹಂಗೂ ಇಲ್ಲ. ಮಾರ್ಕೆಟ್ ಅಂದ್ರೆ ಇದು ಮಾರಾಯ್ರೆ!" ಎಂದರು.

ನನ್ನೊಳಗೆ ಏನೋ ಕಿತ್ತುಹೋಯಿತು. "ಸರ್, ಅದನ್ನ ಬಂದ್ ಮಾಡ್ರಿ," ಎಂದೆ. "ಬಿದ್ದಿದ್ದು ಬರೇ ಎಣ್ಣಿ ರೇಟ್ ಅಲ್ರಿ. ನನ್ನ ಗಂಡನ ನೌಕರಿನೂ ಅದರ ಜೋಡಿನ ಬೀಳ್ತೈತಿ. ನಿಮಗ ಚಪ್ಪಾಳಿ ಹೊಡ್ಯಾಕ ಬ್ಯಾರೆ ಏನೂ ಸಿಗಲಿಲ್ಲೇನು?"

ವಲೇರಿಯನ್ ಫೋನನ್ನು ಆರಿಸಿ ಜೇಬಿಗೆ ಹಾಕಿಕೊಂಡರು. ಮರುದಿನ ಅದು ಡ್ಯಾಶ್‌ಬೋರ್ಡಿನ ಮೇಲೆ ಕಾಣಿಸಲಿಲ್ಲ, ಅದರ ಮರುದಿನವೂ ಇಲ್ಲ. ನಾನು ಬಯಸಿ ಬಯಸಿ ಪಡೆದ ನಿಶ್ಶಬ್ದವದು. ಅದರಲ್ಲಿ ನಿದ್ದೆ ಮಾತ್ರ ಬರಲಿಲ್ಲ. ಅವರು "ಹುಷಾರು ಟೀಚರ್" ಎಂದು ಶಾಲೆಯ ಗೇಟಿನಲ್ಲಿ ಇಳಿಸುವಾಗ ನನ್ನ ಮುಖ ನೋಡುತ್ತಿರಲಿಲ್ಲ. ಗರ್ಜನೆಗಿಂತ ಈ ಸೌಜನ್ಯವೇ ಹೆಚ್ಚು ರೇಗಿಸುತ್ತಿತ್ತು.

ಹೆದರಿದ್ದೇ ಆಯಿತು. ಪ್ರಾಜೆಕ್ಟನ್ನು ಅನಿರ್ದಿಷ್ಟ ಕಾಲ ಮುಂದೂಡಿದರು, ಬಸವರಾಜನ ಕೆಲಸವೂ ಹೋಯಿತು. ಅವನು ಮದೀನತ್ ಜಾಯೆದಿನಿಂದ ಹಾಸಿಗೆ, ಕುಕ್ಕರು, ಹಳದಿ ಹೆಲ್ಮೆಟ್ಟುಗಳನ್ನು ಹೊತ್ತು ಮಂಗಳವಾರವೇ ಬಂದು ಬಾಗಿಲಲ್ಲಿ ನಿಂತು, "ಖಲಾಸ್" ಎಂದ. ಅಷ್ಟೇ. ಟೀಚರಾದ್ದರಿಂದ ಗಂಡನನ್ನು ನನ್ನ ವೀಸಾದ ಮೇಲೆ ಇರಿಸಿಕೊಳ್ಳಲು ನನಗೆ ಅವಕಾಶವಿತ್ತು, ಓಡಾಡಿ ಮಾಡಿಸಿದೆ. ಹೊಸ ವೀಸಾ ಅಂಟಿದ ಪಾಸ್‌ಪೋರ್ಟು ಕೈಗೆ ಬಂದ ದಿನ ಬಸವರಾಜ ಅದರಲ್ಲಿ ತನ್ನ ಹೆಸರಿನ ಮೇಲೆ ಹೊಣೆಗಾರಳೆಂದು ಹೆಂಡತಿಯ ಹೆಸರಿರುವುದನ್ನೂ, ಕೆಲಸ ಮಾಡುವಂತಿಲ್ಲ ಎಂದು ಬರೆದಿರುವುದನ್ನೂ ಬಹಳ ಹೊತ್ತು ನೋಡಿ ಮುಚ್ಚಿಟ್ಟ. ಆಮೇಲೆ ಅವನ ಮಾತೇ ನಿಂತಿತು.

ಬಂದವರೆಲ್ಲ ಸಮಾಧಾನ ಹೇಳಿದರು. ದೇವರು ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆಯುತ್ತಾನೆಂದು ಹೇಳಿ ನಮ್ಮ ಬಾಗಿಲನ್ನು ಎಳೆದುಕೊಂಡು ಹೋದರು. ಅವನು ತಲೆ ಆಡಿಸುತ್ತಿದ್ದ, ಎದುರಿನ ಗೋಡೆ ನೋಡುತ್ತಿದ್ದ. ಕೊನೆಗೊಂದು ದಿನ, "ನಾ ಊರಿಗೆ ಹೋಗ್ತೀನಿ. ನೀ ಮಗಳ ಜೋಡಿ ಇಲ್ಲೇ ಇರು. ಹೆಂಡ್ತಿ ಪಗಾರದಾಗ ಕುಂತು ಉಣ್ಣಾಕ ನನ್ನ ಕೈಲಿ ಆಗೂದಿಲ್ಲ," ಎಂದ. ನಾನು ಅತ್ತೆ, ಜಗಳವಾಡಿದೆ. ಅವನು ಜಗಳಕ್ಕೂ ಬಾರದೆ ಟಿಕೆಟ್ಟಿನ ದರ ಹುಡುಕುತ್ತ ಕೂತ.

ಆ ಶುಕ್ರವಾರ ಪೂಜೆ ಮುಗಿಸಿಕೊಂಡು ಚರ್ಚಿನಿಂದ ನೇರ ನಮ್ಮ ಮನೆಗೇ ಬಂದರು, ವಲೇರಿಯನ್ ಮತ್ತು ಐರಿನಕ್ಕ. ಮನೆಗೆ ಗಂಡಸೇ ಯಜಮಾನ, ಇನ್ನೊಬ್ಬರ ದುಡಿಮೆಯಲ್ಲಿ ಬದುಕುವುದು ನಾಚಿಕೆಗೇಡು ಎಂದು ಕಾರಿನಲ್ಲಿ ಪಾರಾಯಣ ಮಾಡಿದ ಮನುಷ್ಯ. ನನ್ನ ಗಂಡನಲ್ಲಿ ಉಳಿದಿದ್ದ ಅಷ್ಟಿಷ್ಟು ಜೀವವನ್ನೂ ಇವರೇ ಮುಗಿಸುತ್ತಾರೆ ಎಂದುಕೊಂಡೆ. ಚಹಾ ಕೊಟ್ಟು ಅಡುಗೆಮನೆಗೆ ಹೋಗುವಷ್ಟರಲ್ಲಿ ಕೇಳಿಸಿತು: "ಏನೇ ಹೇಳಿ ಬಸವರಾಜ್, ಅಮೆರಿಕದವರು ಎಣ್ಣೆಯಲ್ಲಿ ಗೆದ್ದುಬಿಟ್ರು. ಇನ್ನು ನೂರು ವರ್ಷ ಅವರನ್ನು ಕೇಳುವವರಿಲ್ಲ."

ಸತ್ತ ಮನೆಗೆ ಬಂದು ಇಸ್ಪೀಟು ಹಾಕುವವರೂ ಇಷ್ಟು ಒರಟಾಗಿ ವರ್ತಿಸುವುದಿಲ್ಲ. ಸೌಟು ಹಿಡಿದೇ ಹೊರಗೆ ಹೊರಟವಳನ್ನು, ನನ್ನ ಹಿಂದೆಯೇ ಅಡುಗೆಮನೆಗೆ ಬಂದಿದ್ದ ಐರಿನಕ್ಕ ತೋಳು ಹಿಡಿದು ನಿಲ್ಲಿಸಿದರು.

ಅಷ್ಟರಲ್ಲಿ ಹೊರಗೆ, ವಾರಗಳಿಂದ ನಾನು ಮರೆತೇಹೋಗಿದ್ದ ದನಿ: "ನೂರು ವರ್ಷ? ಸಾಹೇಬ್ರ, ಆ ಬಾವಿ ಎಷ್ಟು ದಿನ ಬಾಳ್ತಾವ, ಗೊತ್ತೈತೇನ್ರಿ ನಿಮಗ? ಮೊದಲನೇ ವರ್ಷ ಭರ್ರಂತ ಬರ್ತೈತಿ, ಆಮ್ಯಾಲ ಸೊರಗ್ತೈತಿ. ಮತ್ತ ಕೊರೀಬೇಕು, ಮತ್ತ ಕೊರೀಬೇಕು. ನಿಂತಲ್ಲೇ ಓಡಿದಂಗ ಅದು!"

"ಹೊಸ ಟೆಕ್ನಾಲಜಿ ಉಂಟಲ್ಲ ಮಾರಾಯ್ರೆ?"

"ನಾ ಎಂಜಿನಿಯರೋ, ನಿಮ್ಮ ರೇಡಿಯೋದಾಂವ ಎಂಜಿನಿಯರೋ?"

ಬಾಗಿಲ ಸಂದಿಯಿಂದ ನೋಡಿದೆ. ಬಸವರಾಜ ಚಹಾದ ಕಪ್ಪನ್ನು ಬೋರಲು ಹಾಕಿ ಅದನ್ನು ಬಂಡೆ ಮಾಡಿದ್ದ. ಚಮಚದಿಂದ ಅದರ ಬದಿಯನ್ನು ಕೊರೆಯುತ್ತಿದ್ದ. ವಲೇರಿಯನ್ ಒಪ್ಪಲಿಲ್ಲ. ಮಾತು ಎಣ್ಣೆಯಿಂದ ತೆರಿಗೆಗೆ, ತೆರಿಗೆಯಿಂದ ಸೈನ್ಯಕ್ಕೆ, ಬೇರೆಯವರ ಯುದ್ಧಗಳಲ್ಲಿ ಅಮೆರಿಕ ತಲೆ ಹಾಕಬೇಕೇ ಬೇಡವೇ ಎಂಬಲ್ಲಿಗೆ ಹರಿಯಿತು. ಕಿಟಕಿಯ ಗಾಜು ನಡುಗುವಂತೆ ಇಬ್ಬರೂ ಕೂಗಾಡುತ್ತಿದ್ದರು.

"ಇರ್ಲಿ ಬಿಡಿ ಗಿರಿಜಾ," ಎಂದರು ಐರಿನಕ್ಕ ಈರುಳ್ಳಿ ಸುಲಿಯುತ್ತ. "ನಮ್ಮವರದ್ದೂ ಒಮ್ಮೆ ಕೆಲಸ ಹೋಗಿತ್ತು, ಗೊತ್ತುಂಟಾ? ದುಬೈಯಲ್ಲಿ ಇದ್ದಾಗ. ಅಲ್ಲಿ ಅಮೆರಿಕದಲ್ಲಿ ಬ್ಯಾಂಕುಗಳು ಬಿದ್ದದ್ದು, ಇಲ್ಲಿ ಇವರ ಕಂಪನಿ ಮುಚ್ಚಿದ್ದು. ನನ್ನ ಸಂಬಳದಲ್ಲೇ ಮನೆ ನಡೆದದ್ದು ಆಗ. ಬಂದವರೆಲ್ಲ ಪಾಪ, ಪಾಪ ಅಂತ ಹೇಳಿ ಹೇಳಿಯೇ ಇವರನ್ನು ಅರ್ಧ ಕೊಂದದ್ದು. ಎಲ್ಲಿಯೋ ಬಿದ್ದದ್ದಕ್ಕೆ ನನ್ನ ಕೆಲಸ ಯಾಕೆ ಹೋಯ್ತು ಅಂತ ತಿಳೀಲಿಕ್ಕೆ ಕೂತರು ನೋಡಿ, ಆಗ ಹಿಡಿದದ್ದು ಈ ಅಮೆರಿಕದ ಹುಚ್ಚು. ಇನ್ನೂ ಬಿಟ್ಟಿಲ್ಲ."

ನಾನು ಸೌಟನ್ನು ಕೆಳಗಿಟ್ಟೆ. ಸ್ವಾವಲಂಬನೆಯ ಆ ನಿತ್ಯ ಪ್ರವಚನ ಯಾವ ಗಾಯದ ಮೇಲಿನ ಹಕ್ಕಳೆ ಎಂದು ನನಗೆ ತಿಳಿದದ್ದು ಆಗ. ಎಲ್ಲೋ ಯಾರೋ ಓಟು ಹಾಕುತ್ತಾರೆ, ಯಾರೋ ಸಾಲ ಎತ್ತುತ್ತಾರೆ, ಯಾರೋ ಬಂಡೆ ಸೀಳುತ್ತಾರೆ, ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಒಂದು ವಿಲ್ಲಾದ ಮೇಲ್ಮಹಡಿಯಲ್ಲಿ ಒಬ್ಬ ಗಂಡಸು ಗೋಡೆ ನೋಡುತ್ತ ಕೂರುತ್ತಾನೆ. ಅಂಥ ಅಮೆರಿಕವನ್ನು ಬೈಯುವ, ಹೊಗಳುವ, ತಿದ್ದುವ ಉಸಾಬರಿ ನಮ್ಮದಲ್ಲವೆಂದರೆ ಇನ್ನು ಯಾರದು?

ಹೊರಗಿನ ಜಗಳ ಅಷ್ಟರಲ್ಲಿ ಹರಿತವಾಗಿತ್ತು. ಬಿಟ್ಟಿ ಕೂಳಿನ ಮಾತು ಬಂದಿತ್ತು. ಬಸವರಾಜ ಎದ್ದೇ ನಿಂತಿದ್ದ. "ಹೇಳ್ರಿ ಸಾಹೇಬ್ರ, ಮುಚ್ಚುಮರಿ ಬ್ಯಾಡ. ಕೆಲಸ ಕಳಕೊಂಡು ಹೆಂಡ್ತಿ ಪಗಾರದಾಗ ಉಣ್ಣೂ ಗಂಡಸಿಗೆ ನಿಮ್ಮ ಅಮೆರಿಕದಾಗ ಏನಂತಾರ? ಪರಾವಲಂಬಿ ಅಂತಾರಲ್ಲ?"

ಐರಿನಕ್ಕ ಈರುಳ್ಳಿ ಬಿಟ್ಟು ಬಾಗಿಲ ಸಂದಿಗೆ ಬಂದರು.

ವಲೇರಿಯನ್ ಕೂತಲ್ಲಿಂದ ಏಳಲಿಲ್ಲ. ಮೊದಲ ಬಾರಿಗೆ ದನಿ ತಗ್ಗಿಸಿದರು. "ಎಂತ ಮಾತಾಡ್ತೀರಿ ನೀವು? ನಾನು ಇಷ್ಟು ವರ್ಷ ಬಾಯಿ ಬಡ್ಕೊಂಡದ್ದು ಯಾಕೆ ಮತ್ತೆ? ಬಿದ್ದವನನ್ನು ಎತ್ತುವುದು ಸರ್ಕಾರದ ಕೆಲಸ ಅಲ್ಲ ಅಂತ. ಅದು ಮನೆಯವರ ಕೆಲಸ. ಅದಕ್ಕೆ ಪರಾವಲಂಬಿ ಅಂತ ಹೇಳುದಿಲ್ಲ ಬಸವರಾಜ್. ಫ್ಯಾಮಿಲಿ ಅಂತ ಹೇಳುದು."

ಬಸವರಾಜ ನಿಂತೇ ಇದ್ದ. ಆಮೇಲೆ ಕೂತ. ಬೋರಲು ಹಾಕಿದ್ದ ಕಪ್ಪನ್ನು ನೆಟ್ಟಗೆ ಇಟ್ಟು, "ಗಿರಿಜಾ, ಇನ್ನೊಂದೀಟು ಚಾ ಕೊಡ," ಎಂದ. ಟಿಕೆಟ್ಟಿನ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಮರುವಾರದಿಂದ ಸಂದರ್ಶನಗಳಿಗೆಂದು ಅವನೂ ಅದೇ ಕಾರಿನಲ್ಲಿ ಬರತೊಡಗಿದ. ಗಂಡಸರಿಬ್ಬರು ಮುಂದೆ, ನಾನೂ ಸ್ಫೂರ್ತಿಯೂ ಹಿಂದೆ. ರೇಡಿಯೊ ಮತ್ತೆ ಗರ್ಜಿಸಿತು, ಈಗ ಅದಕ್ಕೆ ಪ್ರತಿಗರ್ಜನೆಯೂ ಸೇರಿತು. ನನ್ನ ನಿದ್ದೆಯ ಆಸೆಗೆ ಎಳ್ಳುನೀರು ಬಿಟ್ಟೆ. ಬೇಸಿಗೆ ಕಳೆದು ಅಲ್ ಐನ್‌ನಲ್ಲಿ ನೀರು ಸರಬರಾಜಿನ ಪಂಪುಗಳನ್ನು ನೋಡಿಕೊಳ್ಳುವ ಕೆಲಸ ಬಸವರಾಜನಿಗೆ ಸಿಕ್ಕಿತು. ಸಿಹಿ ಹಿಡಿದು ಕೆಳಗೆ ಹೋದರೆ, ವಲೇರಿಯನ್ ಅದನ್ನು ಬಾಯಿಗಿಟ್ಟುಕೊಂಡೇ, "ಸರ್ಕಾರಿ ಕಂಪನಿಯಾ?" ಎಂದು ಮುಖ ಸಿಂಡರಿಸಿದರು. "ನಿಮ್ಮ ಕಂಪನಿಗೆ ಕಾಂಟ್ರಾಕ್ಟ್ ಕೊಡಾವ್ರು ಯಾರ್ರಿ ಸಾಹೇಬ್ರ?" ಎಂದು ನನ್ನ ಗಂಡ ಕೇಳಿದ. ಐರಿನಕ್ಕ ನಕ್ಕ ನಗುವಿಗೆ ಗಂಟಲಲ್ಲಿ ಲಾಡು ಸಿಕ್ಕಿಕೊಂಡು, ನರ್ಸಿನ ಬೆನ್ನನ್ನು ನಾವು ಗುದ್ದಬೇಕಾಯಿತು.

ನಾವು ಅಲ್ ಐನ್‌ಗೆ ಮನೆ ಬದಲಿಸಿದೆವು. ನನಗೂ ಅಲ್ಲಿನ ಶಾಲೆಯಲ್ಲಿ ಕೆಲಸವಾಯಿತು. ಇನ್ನಾದರೂ ಶಾಂತಿ ಎಂದುಕೊಂಡರೆ, ಶುಕ್ರವಾರ ಮಧ್ಯಾಹ್ನ ಉಂಡು ಅಡ್ಡಾಗುವ ಹೊತ್ತಿಗೆ ಸರಿಯಾಗಿ ಅಬುಧಾಬಿಯಿಂದ ಫೋನು ಬರುತ್ತದೆ. ಅಮೆರಿಕದಲ್ಲೂ ಸರ್ಕಾರ ಬದಲಾಗಿದೆ, ವಲೇರಿಯನ್ ಬಯಸಿದ ಪಕ್ಷವೇ ಬಂದಿದೆ. ಆದರೂ ಅವರಿಗೆ ಸಮಾಧಾನವಿಲ್ಲ. ಆಮದಿನ ಮೇಲೆ ಸುಂಕವೆಂಬ ಹೊಸ ತೆರಿಗೆ ಹಾಕುವವರು ಎಂಥ ಸಂಪ್ರದಾಯವಾದಿಗಳು ಎಂಬುದು ಅವರ ಹೊಸ ಅಳಲು. ಈಗ ಗೆದ್ದ ಪಕ್ಷವನ್ನು ನನ್ನ ಗಂಡ ಸಮರ್ಥಿಸಬೇಕಾಗಿ ಬಂದಿದೆ, ಸುಮ್ಮನೆ, ಜಗಳ ನಿಲ್ಲಬಾರದೆಂದು.

ಮೊನ್ನೆ ಅವನು ಬಾಲ್ಕನಿಯಲ್ಲಿ ನಿಂತು ಕೂಗಾಡುತ್ತಿದ್ದಾಗ, ಪಕ್ಕದ ಮನೆಯ ಮಲಯಾಳಿ ಹೆಂಗಸು ಗಾಬರಿಯಿಂದ ನಮ್ಮ ಬಾಗಿಲು ತಟ್ಟಿದರು. "ಎಲ್ಲ ಸರಿಯಿದೆಯಲ್ಲ ಟೀಚರ್? ಯಾರ ಜೊತೆ ಇಷ್ಟು ಜೋರು?" ಎಂದು ಹಿಂದಿಯಲ್ಲಿ ಕೇಳಿದರು.

"ಅವರ ಅಣ್ಣ," ಎಂದೆ.

"ಅಯ್ಯೋ, ಆಸ್ತಿ ಜಗಳವೇ?"

"ಹೌದು," ಎಂದೆ. "ಅಮೆರಿಕದ್ದು."