ಜರ್ಮನಿಯಲ್ಲಿ ಉಳಿದ ಗೌರಿ

ನಾನು ಅಂಗಳಕ್ಕೆ ಕಾಲಿಟ್ಟರೆ ಸಾಕು, ಯಮನೂರಪ್ಪ ಬಿಸಿಲಿಗೆ ಒಣಗಲು ಇಟ್ಟ ಗೊಂಬೆಗಳನ್ನು ಒಂದೊಂದಾಗಿ ಹಿಡಿದು ಗೋಡೆಯ ಕಡೆ ತಿರುಗಿಸಿಡುತ್ತಿದ್ದ. ಗರುಡನೂ ಅಷ್ಟೇ, ಗಿಳಿಯೂ ಅಷ್ಟೇ. ಎಲ್ಲವೂ ನನಗೆ ಬೆನ್ನು ತೋರಿಸಿ ನಿಂತ ಮೇಲೆ, "ಬರ್ರಿ ಅರ್ಜಿ ಮಾಸ್ತರ, ಕುಂದರ್ರಿ" ಎನ್ನುತ್ತಿದ್ದ. ಕಿನ್ನಾಳದಲ್ಲಿ ಅವನಷ್ಟು ಚೆಂದ ಗೊಂಬೆ ಮಾಡುವವರು ಬೇರೆ ಇರಲಿಲ್ಲ. ಅವನಷ್ಟು ಸಿಡುಕನೂ ಇರಲಿಲ್ಲ. ನನ್ನ ಶಾಲೆಗೂ ಅವನ ಮನೆಗೂ ನಡುವೆ ಒಂದೇ ಓಣಿ, ತಪ್ಪಿಸಿಕೊಂಡು ತಿರುಗಲು ಇಬ್ಬರಿಗೂ ದಾರಿಯಿರಲಿಲ್ಲ.

ಈ ಹಗೆತನಕ್ಕೆ ಮೂಲ ನಾನೇ ಬರೆದ ಒಂದು ಅರ್ಜಿ. ಎಂಬತ್ತರ ದಶಕದ ಮೊದಲಲ್ಲಿ, ಜರ್ಮನಿಯ ವಸ್ತುಪ್ರದರ್ಶನಕ್ಕೆ ಕುಶಲಕರ್ಮಿಗಳು ಬೇಕೆಂದು ರಾಯಚೂರಿನ ಕಚೇರಿಯೊಂದರಿಂದ ಸುತ್ತೋಲೆ ಬಂತು. ನಾನು ಹುರುಪಿನಿಂದ ಅವನ ಹೆಸರಿನಲ್ಲಿ ಅರ್ಜಿ ಗೀಚಿದೆ. ಅವನು ಓದದೆ ಸಹಿ ಹಾಕಿದ. "ಮರ ಕೆತ್ತುವುದರಿಂದ ಹಿಡಿದು ಕಣ್ಣು ಬರೆಯುವವರೆಗೆ ಎಲ್ಲವನ್ನೂ ಜನರ ಎದುರಿಗೇ ಮಾಡಿ ತೋರಿಸುತ್ತೇನೆ" ಎಂದು ಒಂದು ಸಾಲು ಸೇರಿಸಿದ್ದೆ, ಅರ್ಜಿಗೆ ತೂಕ ಬರಲಿ ಎಂದು. ಅವರ ಮನೆತನದಲ್ಲಿ ದೇವರ ಮೂರ್ತಿಗೆ ಕಣ್ಣು ಬರೆಯುವ ಪದ್ಧತಿ ನನಗೆ ಗೊತ್ತಿಲ್ಲದ್ದೇನಲ್ಲ. ತಲೆಯ ಮೇಲೆ ನೀರು ಹಾಕಿಕೊಂಡು, ಉಪವಾಸವಿದ್ದು, ಕದ ಮುಚ್ಚಿಕೊಂಡು ಒಬ್ಬನೇ ಬರೆಯಬೇಕು. ಹೆಂಡತಿ ಹುಲಿಗೆವ್ವ ಕೂಡ ಇಣುಕುವಂತಿಲ್ಲ. ಗೊತ್ತಿದ್ದೂ ಬರೆದೆ.

ಅರ್ಜಿ ಒಪ್ಪಿಗೆಯಾಗಿ ಜರ್ಮನಿಗೆ ಹೋದ ಅವನು ಮೂರು ತಿಂಗಳಾದ ಮೇಲೆ ಮರಳಿದಾಗ ಇಡೀ ಓಣಿ ಅವನ ಅಂಗಳದಲ್ಲಿ ನೆರೆಯಿತು. ಎಲ್ಲರಿಗೂ ಆ ದೇಶದ ವೈಭವ ಕೇಳುವ ಆಸೆ. ಅವನು ಅಂಗೈಯಲ್ಲಿ ತಂಬಾಕು ತಿಕ್ಕುತ್ತ ಶುರುಮಾಡಿದ.

"ಏನ್ ದೇಶಾರಿ ಅದು! ನಸಿಕಿನ್ಯಾಗ ರಸ್ತೆ ಖಾಲಿ. ಮೋಟಾರಿಲ್ಲ, ಬಂಡಿಲ್ಲ, ಒಂದು ಎಮ್ಮಿ ಸೈತ ಇಲ್ಲ. ಒಬ್ಬಾಕಿ ಮುದುಕಿ ಕೆಂಪು ದೀಪ ನೋಡಿಕೋತ ನಿಂತಾಳ. ನಾ ದಾಟಿ ಹೋದ್ರ, ಆಚಿ ದಂಡಿ ಮುಟ್ಟೋತನ ಬೈದ್ಲು, ಆಕಿ ಕೋಳಿ ಕದ್ದು ಒಯ್ದಂಗ!"

ಊಟದ ಮಾತು ಬಂತು. "ಹೊತ್ತು ಮುಳುಗಿತಂದ್ರ ಒಲಿ ಹಚ್ಚಂಗಿಲ್ಲ. ತಣ್ಣಂದು ರೊಟ್ಟಿ, ತಣ್ಣಂದು ಬೆಣ್ಣಿ, ತಣ್ಣಂದು ಮಾತು. ನಾವು ಸೂತಕದಾಗ ಸೈತ ಇದಕ್ಕಿಂತ ಛಲೋ ಉಣ್ತೀವಿ. ಐತವಾರ ಉಳಿ ಬಡಿಬಾರದಂತ. ಕುಟ್ ಅಂದ್ರ ಬಾಗಲ ಬಡೀತಾರ. ನಾಯಿ ಹೊಟೇಲಿನ್ಯಾಗ ಕುಂದ್ರಬೋದು, ನನ್ನ ಉಳಿ ಮಾತಾಡಬಾರದು!"

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅವನು ನಗಲಿಲ್ಲ. ನನ್ನ ಕಡೆ ತಿರುಗಿದ.

"ದಿನಾ ನಾಕಕ್ಕ ದೇವಿಗೆ ಕಣ್ಣು ಬರೀತಾನ ಅಂತ ಬೋರ್ಡ ಹಾಕಿದ್ರು. ಸುತ್ತ ಕುರ್ಚಿ ಇಟ್ಟಿದ್ರು, ನಾಟಕ ನೋಡೋರಂಗ. ನಾ ಒಲ್ಲೆ ಅಂದೆ. ಈ ಮಾಸ್ತರ ಬರೆದ ಅರ್ಜಿ ತಂದು ಮುಖಕ್ಕ ಹಿಡಿದ್ರು. ಕೆಳಗ ನನ್ನ ಸಹಿ!"

ಹಠ ಹಿಡಿದು ಅವನು ಅಲ್ಲಿ ತಾನು ಕೆತ್ತಿದ ಗೌರಿಗೆ ಕೊನೆಯವರೆಗೂ ಕಣ್ಣು ಬರೆಯಲಿಲ್ಲ. ಅಲ್ಲಿಯವರಿಗೆ ಆ ಕಣ್ಣಿಲ್ಲದ ಗೌರಿಯೇ ಬಲು ಹಿಡಿಸಿಬಿಟ್ಟಿತು. ಹೊಸ ನಮೂನೆಯ ಕಲೆ ಎಂದು ಚಪ್ಪಾಳೆ ತಟ್ಟಿ, ಗಾಜಿನ ಪೆಟ್ಟಿಗೆಯಲ್ಲಿಟ್ಟು ಅಲ್ಲೇ ಉಳಿಸಿಕೊಂಡರು. "ತಾಯೀನ ಕುರುಡಿ ಮಾಡಿ ಬಿಟ್ಟು ಬಂದೀನಿ" ಎಂದು ಅಂಗೈಯ ತಂಬಾಕು ಕೊಡವಿ ಎದ್ದ. ಮರುದಿನದಿಂದ ನನ್ನನ್ನು ಕಂಡರೆ ಗೊಂಬೆಗಳು ಗೋಡೆಯ ಕಡೆ ತಿರುಗತೊಡಗಿದವು.

ಒಂದು ದಿನ ಪಾಠ ನಡೆಯುವಾಗಲೇ ಶಾಲೆಗೆ ನುಗ್ಗಿದ. "ಕಾಗದ ಬರೀರಿ. ಗೌರಿನ ತಿರುಗಿ ಕಳಸ್ರಿ, ಕಣ್ಣು ಬರೆದು ಕೊಡ್ತೀನಿ ಅಂತ. ಅರ್ಜಿಯಾಗ ಸುಳ್ಳು ಬರೆದಾಂವ ಈ ಮಾಸ್ತರ ಅಂತನೂ ಬರೀರಿ. ಕೆಳಗ ನಿಮ್ಮ ಸಹಿ ಹಾಕ್ರಿ, ನಂದಲ್ಲ" ಎಂದು ತರಗತಿಯ ಎದುರಿಗೇ ಗದರಿದ. ಬರೆದೆ. ಅವನ ಕಣ್ಣೆದುರಿಗೇ ಲಕೋಟೆ ಅಂಟಿಸಿ ಕೋಟಿನ ಜೇಬಿಗೆ ಇಳಿಸಿದೆ.

ಆ ಕಾಗದವನ್ನು ನಾನು ಅಂಚೆಗೆ ಹಾಕಲಿಲ್ಲ. ಎಲ್ಲರೆದುರು ಮಾನ ಕಳೆದ ಸಿಟ್ಟು ಒಂದು ಕಡೆ. ರಾಯಚೂರಿನ ಕಚೇರಿಯ ಮೂಲಕವೇ ಹೋಗಬೇಕಾದ ಕಾಗದದಲ್ಲಿ ನನ್ನ ಸುಳ್ಳನ್ನು ನಾನೇ ಒಪ್ಪಿಕೊಂಡರೆ ನೌಕರಿಗೆ ಕುತ್ತು ಬಂದೀತೆಂಬ ಹೆದರಿಕೆ ಇನ್ನೊಂದು ಕಡೆ. ನಾಳೆ ಹಾಕಿದರಾಯಿತು ಎಂದುಕೊಂಡೇ ವರ್ಷಗಳು ಕಳೆದವು.

ಅವನದು ಒಂದೇ ಪ್ರಶ್ನೆ: "ಉತ್ತರ ಬಂತೇನ್ರಿ?"

"ಪರದೇಶದ ಟಪಾಲು ಯಮನೂರಪ್ಪ, ತಡ ಆಗತೈತಿ."

"ಕೆಂಪು ದೀಪಕ್ಕ ನಿಂತಿರಬೇಕು ಬಿಡ್ರಿ" ಎಂದು ನನ್ನ ಕೋಟನ್ನು ಮೇಲಿಂದ ಕೆಳಗೆ ನೋಡುತ್ತಿದ್ದ. ಅವನ ಆ ನೋಟಕ್ಕೆ ಮೈಯೆಲ್ಲ ಉರಿಯುತ್ತಿತ್ತು. ನಾನೂ ಸುಮ್ಮನಿರಲಿಲ್ಲ. ಜರ್ಮನಿ ನೋಡಿ ಬಂದು ಇವನ ತಲೆ ಕೆಟ್ಟಿದೆ ಎಂದು ಕೊಪ್ಪಳದ ಹೊಟೇಲುಗಳಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ಆರನೆಯ ವರ್ಷ ನನಗೆ ಕುಷ್ಟಗಿಗೆ ವರ್ಗವಾಯಿತು. ಹೋಗುವಾಗ ಅವನಿಗೆ ಹೇಳಿಯೂ ಹೋಗಲಿಲ್ಲ. ಮುಂದಿನ ಬೇಸಿಗೆಯಲ್ಲಿ, ನಾಲ್ಕು ದಿನದ ಜ್ವರಕ್ಕೆ ಯಮನೂರಪ್ಪ ತೀರಿಕೊಂಡ ಎಂಬ ಸುದ್ದಿ ಬಂತು. ಬಸ್ಸು ಹಿಡಿದು ಹೋದೆ. ಅಂಗಳದಲ್ಲಿ ಗೊಂಬೆಗಳೆಲ್ಲ ಓಣಿಯ ಕಡೆ ಮುಖ ಮಾಡಿ ನಿಂತಿದ್ದವು. ತಿರುಗಿಸಿಡಲು ಯಾರೂ ಏಳಲಿಲ್ಲ. ಅಷ್ಟೊಂದು ಕಣ್ಣುಗಳನ್ನು ನಾನು ಅಲ್ಲಿ ಎಂದೂ ಕಂಡಿರಲಿಲ್ಲ. ತಲೆ ತಗ್ಗಿಸಿಕೊಂಡೇ ಒಳಗೆ ಹೋದೆ.

ಹುಲಿಗೆವ್ವ ಬಟ್ಟೆಯಲ್ಲಿ ಸುತ್ತಿದ್ದೊಂದು ಗೊಂಬೆ ತಂದು ನನ್ನ ಮುಂದಿಟ್ಟಳು. "ನಿಮಗಂತ ಮಾಡಿಟ್ಟಿದ್ರುರಿ."

ಟೋಪಿ, ಕನ್ನಡಕ, ಕೋಟು. ನಾನೇ. ಮೂಗಿನ ಮೇಲಿನ ಗಾಯದ ಗುರುತೂ ಬಿಟ್ಟಿರಲಿಲ್ಲ. ಕನ್ನಡಕದ ಒಳಗೆ ಕಣ್ಣು ಬರೆದಿರಲಿಲ್ಲ. ಕೋಟಿನ ಜೇಬಿನಿಂದ ಬಿಳಿ ಲಕೋಟೆಯ ತುದಿ ಹೊರಗೆ ಕಾಣುತ್ತಿತ್ತು.

"ಕಣ್ಣು ಯಾಕ ಬಿಟ್ರಿ ಅಂತ ಕೇಳಿದ್ನಿರಿ. ಜೇಬಿನ್ಯಾಗಿನ ಕಾಗದ ಟಪಾಲಿಗೆ ಹಾಕಿ ಬರ್ಲಿ, ಆಮ್ಯಾಲೆ ಬರೀತೀನಿ ಅಂದ್ರು. ಅದೇನು ಕಾಗದರಿ ಮಾಸ್ತರ?"

ಗೊಂಬೆಯನ್ನು ಎತ್ತಿಕೊಂಡು ಬಂದುಬಿಟ್ಟೆ.

ಮರುದಿನ ಹಳೆಯ ಕೋಟಿನ ಜೇಬಿನಿಂದ ಆ ಕಾಗದ ತೆಗೆದು ಅಂಚೆಗೆ ಹಾಕಿದೆ. ನೌಕರಿಗೆ ಯಾವ ಕುತ್ತೂ ಬರಲಿಲ್ಲ. ಎರಡೇ ತಿಂಗಳಿಗೆ ಜರ್ಮನಿಯಿಂದ ಉತ್ತರ ಬಂತು. ಮೂರ್ತಿಯನ್ನು ತಿರುಗಿ ಕಳಿಸಲು ನಮ್ಮದೇನೂ ಅಡ್ಡಿಯಿಲ್ಲ, ಕಣ್ಣು ಬರೆಯುವವರ ವಿಳಾಸ ತಿಳಿಸಿ ಎಂದು ಬರೆದಿದ್ದರು.