ಆ ಬೇಸಿಗೆ ಕೇಳಿದ ಎದೆಬಡಿತ

ನಾನಾಗ ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್ ಓದುತ್ತಿದ್ದೆ. ಮೆಡಿಕಲ್ ಸೇರುವ ಆಸೆಯಿತ್ತು. ಕಾಲೇಜಿನಲ್ಲಿ ಕಪ್ಪೆ ಕೊಯ್ದದ್ದು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಬೇಸಿಗೆ ರಜೆಯಲ್ಲಿ ಅಪ್ಪಯ್ಯ ನನ್ನನ್ನು ನಮ್ಮೂರು ಜಾವಳಿಯಿಂದ ಕೊಟ್ಟಿಗೆಹಾರದ ಚಿಕ್ಕಮ್ಮನ ಮನೆಗೆ ಬಿಟ್ಟರು. ಹತ್ತಿರದ ಡಿಸ್ಪೆನ್ಸರಿಗೆ ಘಟ್ಟದ ಕೆಳಗಿನಿಂದ ಡಾಕ್ಟರಮ್ಮನೊಬ್ಬರು ಹೊಸದಾಗಿ ಬಂದಿದ್ದರು. ಅವರ ಕೆಲಸ ನೋಡಲು ದಿನವೂ ಹೋಗುತ್ತಿದ್ದೆ.

ಕಾಫಿ ಎಸ್ಟೇಟಿನ ಲೈನುಗಳಲ್ಲಿ, ಅಂದರೆ ಸಾಲುಮನೆಗಳಲ್ಲಿ, ವಾಸಿಸುವ ಕೂಲಿಯವರು ಅಲ್ಲಿ ಅಂಗಳದಲ್ಲೇ ನಿಂತು ಔಷಧಿ ಪಡೆಯುತ್ತಿದ್ದರು. ಹಾಗೆ ನಿಲ್ಲಿ ಎಂದವರಿಲ್ಲ, ಬೇಡ ಎಂದವರೂ ಇರಲಿಲ್ಲ.

ಒಂದು ಬೆಳಿಗ್ಗೆ ಲೈನಿನ ಹೆಂಗಸೊಬ್ಬಳು ಜ್ವರದ ಮಗುವನ್ನು ಎತ್ತಿಕೊಂಡು ಬಂದಳು. ಅಂಗಳದಲ್ಲಿ ನಿಂತಿದ್ದಂತೆಯೇ ಮಗು ಸೆಟೆದು, ಕಣ್ಣು ಮೇಲಾಯಿತು. ಡಾಕ್ಟರಮ್ಮ ತಾವೇ ಇಳಿದು ಹೋಗಿ ಎತ್ತಿ ತಂದು, ಎಸ್ಟೇಟಿನ ಸಾಹುಕಾರರ ಮೊಮ್ಮಗ ಆಗಷ್ಟೇ ಇಳಿದಿದ್ದ ಮೇಜಿನ ಮೇಲೆ ಮಲಗಿಸಿದರು. ಹುಡುಗನ ಅಜ್ಜಿ ಸೆರಗು ಎಳೆದುಕೊಂಡು ದೂರ ಸರಿದರು. ತಾಯಿ ಹೊಸ್ತಿಲಲ್ಲೇ ನಿಂತಳು.

"ನಾವು ಇಲ್ಲೇ ಇರ್ತೀವಿ ಅಮ್ಮಾವ್ರೇ."

"ಮಗು ಒಳಗಿದ್ದು ತಾಯಿ ಹೊರಗಿದ್ರೆ ಹೆಂಗೆ? ನೀವು ಬನ್ನಿ."

ಅವಳು ಹಿಂದೆ ತಿರುಗಿ ನೋಡಿದಳು, ಬೇರೆ ಯಾರನ್ನೋ ಕರೆದರೇನೋ ಎಂಬಂತೆ. ಆಮೇಲೆ ಒಳಗೆ ಬಂದಳು.

ತಣ್ಣೀರಿನ ಬಟ್ಟೆಯಲ್ಲಿ ಡಾಕ್ಟರಮ್ಮನೂ ನಾನೂ ಮಗುವಿನ ಮೈ ಒರೆಸುತ್ತಲೇ ಇದ್ದೆವು. ಸೆಟೆದಿದ್ದ ಕಾಲುಗಳು ಮೆಲ್ಲಗೆ ಸಡಿಲವಾದವು. ಮಲೇರಿಯಾಕ್ಕೆಂದು ಕ್ವಿನೈನ್ ಸೂಜಿ ಚುಚ್ಚಿದಾಗ ಮಗು ಕಿರುಚಿತು. ಡಾಕ್ಟರಮ್ಮನ ಮುಖದಲ್ಲಿ ಮೊದಲ ಸಲ ನಗು ಕಂಡಿತು. ಅಳು ನಿಂತ ಮೇಲೆ ಸ್ಟೆತಾಸ್ಕೋಪನ್ನು ನನ್ನ ಕಿವಿಗಿಟ್ಟರು.

ಆ ಓಟದ ಸದ್ದು ನನ್ನದೇ ಎದೆಯದೆಂದುಕೊಂಡೆ. ಅಲ್ಲ, ಮಗುವಿನದು. ನನ್ನ ಅಂಗೈಯಷ್ಟೂ ಅಗಲವಿಲ್ಲದ ಎದೆಗೂಡಿನಲ್ಲಿ ಅಷ್ಟು ದೊಡ್ಡ ಕೆಲಸ ಯಾರ ಅಪ್ಪಣೆಗೂ ಕಾಯದೆ ನಡೆಯುತ್ತಿತ್ತು. ಸಾಕು ಎಂದು ಅವರು ಭುಜ ಮುಟ್ಟುವವರೆಗೂ ಕೇಳುತ್ತಲೇ ಇದ್ದೆ.

ನಾಲ್ಕಾರು ದಿನ ಬಿಟ್ಟು ಡಾಕ್ಟರಮ್ಮನೂ ನಾನೂ ಆ ಮಗುವಿನ ಲೈನಿಗೆ ನಡೆದು ಹೋದೆವು. ಮಲೇರಿಯಾದಿಂದ ಹೊಟ್ಟೆ ಉಬ್ಬಿದ ಮಕ್ಕಳು ಬಾಗಿಲುಬಾಗಿಲಲ್ಲೂ ಇದ್ದರು. ಡಾಕ್ಟರಮ್ಮ ನೆಲದ ಮೇಲೆ ಕೂತು ಒಬ್ಬೊಬ್ಬರನ್ನೇ ಮುಟ್ಟಿ ನೋಡಿದರು. ನಮ್ಮ ಮಗು ಹಲಸಿನ ತೊಳೆ ಚೀಪುತ್ತಿತ್ತು. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ನಾನು ಮಾತ್ರ ಅದನ್ನೇ ನೋಡುತ್ತ ನಿಂತುಬಿಟ್ಟೆ.

ರಜೆ ಮುಗಿದು ಕರೆದೊಯ್ಯಲು ಬಂದ ಅಪ್ಪಯ್ಯನಿಗೆ ದಾರಿಯಲ್ಲಿ ಹೇಳಿದೆ, ಮಕ್ಕಳ ಡಾಕ್ಟರಾಗುತ್ತೇನೆ, ಇಲ್ಲಿಗೇ ಬರುತ್ತೇನೆ ಎಂದು. ಅವರು ನಡಿಗೆ ನಿಧಾನ ಮಾಡಿ ನನ್ನ ಕಡೆ ತಿರುಗಿದರು.

"ಮಕ್ಕಳಿಗೇ ಅಂತ ಬೇರೆ ಡಾಕ್ಟರು ಇರ್ತಾರಾ?"

"ಇರ್ತಾರಂತೆ ಅಪ್ಪಯ್ಯ."

"ಹಂಗಾದ್ರೆ ಓದು," ಎಂದರು.